ಒಂದು ತಂತಿ, ಎರಡು ಕಿವಿ

ಈ ಲೇಖನಕ್ಕೆ ನಿಮಿತ್ತನಾದವನು ಭದ್ರಾವತಿಯ ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿ. ಎರಡು ಬೇಸಿಗೆಯ ರಜೆಗಳಲ್ಲಿ ದುಡಿದು ಕೂಡಿಟ್ಟ ಹಣದಿಂದ ಆತ ಒಂದು ಹಳೆಯ ವಿದ್ಯುತ್ ಗಿಟಾರನ್ನು ಕೊಂಡಿದ್ದ. ಗಣಪತಿ ಉತ್ಸವದ ವೇದಿಕೆಯಲ್ಲಿ ಗೆಳೆಯರ ಹಾಡುಗಾರಿಕೆಗೆ ಅದನ್ನು ನುಡಿಸಬೇಕೆಂಬುದು ಅವನ ಆಸೆ. ಉತ್ಸವಕ್ಕೆ ಮೂರು ವಾರಗಳಿದ್ದಾಗ ಒಂದು ಸಂಜೆ ಗಿಟಾರನ್ನು ಹೊತ್ತು ಪ್ರಯೋಗಶಾಲೆಗೆ ಬಂದು, "ಸಾರ್, ಇದರ ಎರಡು ಪಿಕಪ್ಪುಗಳಲ್ಲಿ ಒಂದು ಕೆಟ್ಟಿದೆಯಂತೆ. ಹೊಸದು ಹಾಕಿಸಬೇಕಂತೆ. ಅದಕ್ಕೆ ಕೇಳುತ್ತಿರುವ ಹಣ ನಾನು ಗಿಟಾರಿಗೆ ಕೊಟ್ಟ ಹಣದ ಅರ್ಧದಷ್ಟಿದೆ. ಮನೆಯಲ್ಲಿ ಹೇಗೆ ಹೇಳಲಿ?" ಎಂದ.

ವಾದ್ಯಗಳನ್ನು ರಿಪೇರಿ ಮಾಡುವವರೊಬ್ಬರು ಅವನೆದುರಿಗೇ ಪರೀಕ್ಷೆ ಮಾಡಿ ತೋರಿಸಿದ್ದರು. ಐದನೆಯ ಮೆಟ್ಟಿಲಿನ ನೇರದಲ್ಲಿ ತಂತಿಯನ್ನು ಬೆರಳಿನಿಂದ ಒತ್ತದೆ, ಸುಮ್ಮನೆ ಸೋಕಿಸಿ ಮೀಟಿದರೆ ಗಂಟೆಯಂತಹ ಎತ್ತರದ ಸ್ವರವೊಂದು ಹೊರಡುತ್ತದೆ. ಒಂದು ಪಿಕಪ್ಪಿನಲ್ಲಿ ಆ ಸ್ವರ ಸ್ಪಷ್ಟವಾಗಿ ಕೇಳಿಸಿತು. ಸ್ವಿಚ್ಚನ್ನು ಇನ್ನೊಂದಕ್ಕೆ ತಿರುಗಿಸಿದಾಗ ಸ್ವರ ಅಡಗಿಹೋಯಿತು. "ನೋಡಿದೆಯಾ, ಇದರ ಒಂದು ಕಿವಿ ಕಿವುಡಾಗಿದೆ" ಎಂದು ಅವರು ತೀರ್ಪು ಕೊಟ್ಟಿದ್ದರು. ನಾವೂ ಅದೇ ಪರೀಕ್ಷೆಯನ್ನು ಮಾಡಿದೆವು. ಫಲಿತಾಂಶವೂ ಅದೇ ಬಂದಿತು. ಪರೀಕ್ಷೆ ಸರಿಯಾಗಿಯೇ ಇತ್ತು, ತೀರ್ಪು ಮಾತ್ರ ತಪ್ಪಾಗಿತ್ತು. ಅದು ಹೇಗೆಂಬುದನ್ನು ತಿಳಿಯಲು ಹೊರಟರೆ, ಗಿಟಾರಿನಲ್ಲಿ ಎರಡು ಪಿಕಪ್ಪುಗಳು ಏಕಿರುತ್ತವೆ, ಯಾವಾಗ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ.

ಪಿಕಪ್ ಎಂದರೇನು?

ವಿದ್ಯುತ್ ಗಿಟಾರಿನ ರಚನೆಯನ್ನು ವೀಣೆಯೊಡನೆ ಹೋಲಿಸಿ ನೋಡಬಹುದು. ವೀಣೆಯ ದಂಡಿಯ ಸ್ಥಾನದಲ್ಲಿ ಗಿಟಾರಿಗೆ ಕತ್ತು ಇದೆ. ಅದರ ಮೇಲೆ ಫ್ರೆಟ್ ಎಂದು ಕರೆಯುವ ಮೆಟ್ಟಿಲುಗಳಿವೆ. ತಂತಿಗಳನ್ನು ಬಿಗಿ ಮಾಡಲು ಬಿರಡೆಗಳೂ, ಇನ್ನೊಂದು ತುದಿಯಲ್ಲಿ ತಂತಿಗಳನ್ನು ಹೊರಲು ಕುದುರೆಯೂ ಇವೆ. ವೀಣೆಗಿರುವ ಕೊಡ ಮಾತ್ರ ಇದಕ್ಕಿಲ್ಲ. ಸಾಮಾನ್ಯ ವಿದ್ಯುತ್ ಗಿಟಾರಿನ ಒಡಲು ಗಟ್ಟಿಯಾದ ಮರದ ಹಲಗೆ. ಆದ್ದರಿಂದ ವಿದ್ಯುತ್ತಿನ ನೆರವಿಲ್ಲದೆ ಅದನ್ನು ನುಡಿಸಿದರೆ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕೇಳಿಸೀತು.

ಕೊಡದ ಕೆಲಸವನ್ನು ಇಲ್ಲಿ ಪಿಕಪ್ ಮತ್ತು ಧ್ವನಿವರ್ಧಕಗಳು ವಹಿಸಿಕೊಳ್ಳುತ್ತವೆ. ಪಿಕಪ್ ಎಂಬುದು ಕಾಂತವೊಂದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದು ಸುರುಳಿ. ಅದು ತಂತಿಗಳ ಕೆಳಗೆ, ಕೆಲವೇ ಮಿಲಿಮೀಟರ್ ಅಂತರದಲ್ಲಿರುತ್ತದೆ. ಗಿಟಾರಿನ ಉಕ್ಕಿನ ತಂತಿ ಈ ಕಾಂತದ ಪ್ರಭಾವದಿಂದ ತಾನೂ ಕಾಂತವಾಗುತ್ತದೆ. ಅದು ಕಂಪಿಸಿದಾಗ ಸುರುಳಿಯನ್ನು ಹಾಯ್ದುಹೋಗುವ ಕಾಂತರೇಖೆಗಳು ಹೆಚ್ಚುಕಡಿಮೆಯಾಗುತ್ತವೆ. ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಎಂಬುದು ಇದೇ. ಜೋಗದ ವಿದ್ಯುದಾಗಾರದಲ್ಲಿ ಶರಾವತಿಯ ನೀರು ತಿರುಗಿಸುವ ಭಾರಿ ಜನಕಯಂತ್ರಗಳಿಗೂ, ಈ ಅಂಗೈಯಗಲದ ಸುರುಳಿಗೂ ತತ್ತ್ವ ಒಂದೇ. ಅಲ್ಲಿ ಹುಟ್ಟುವ ವಿದ್ಯುತ್ತು ಊರುಗಳನ್ನು ಬೆಳಗುತ್ತದೆ. ಇಲ್ಲಿ ಹುಟ್ಟುವುದು ವೋಲ್ಟಿನ ಒಂದು ಸಣ್ಣ ಭಾಗ ಮಾತ್ರ. ಅದನ್ನು ಧ್ವನಿವರ್ಧಕ ಹಿಗ್ಗಿಸಬೇಕು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ತಂತಿ ಕಾಂತಕ್ಕೆ ಓಗೊಡುವ ಲೋಹದ್ದಾಗಿರಬೇಕು. ಕಬ್ಬಿಣ ಮತ್ತು ಉಕ್ಕುಗಳ ನಡುವೆ ಬೆಳೆದ ಭದ್ರಾವತಿಯ ಮಕ್ಕಳಿಗೆ ಇದನ್ನು ವಿವರಿಸಬೇಕಾದುದಿಲ್ಲ. ನೈಲಾನ್ ತಂತಿಗೂ ಹಿತ್ತಾಳೆಯ ತಂತಿಗೂ ಈ ಪಿಕಪ್ ಕಿವುಡು. ವೀಣೆಯ ಮಂದ್ರದ ತಂತಿಗಳು ಸಂಪ್ರದಾಯವಾಗಿ ಹಿತ್ತಾಳೆ ಅಥವಾ ಕಂಚಿನವು. ಅವುಗಳಿಗೆ ಗಿಟಾರಿನ ಪಿಕಪ್ಪನ್ನು ಇಟ್ಟು ಪ್ರಯೋಜನವಿಲ್ಲ. ವೈಣಿಕರು ಸಭೆಗಳಲ್ಲಿ ವಾದ್ಯದ ಮೈಗೆ ಅಂಟಿಸಿಕೊಳ್ಳುವ ಪಿಕಪ್ ಬೇರೆಯೇ ಜಾತಿಯದು. ಅದು ಮರದ ನಡುಕವನ್ನು ಗ್ರಹಿಸುತ್ತದೆ. ಎರಡನೆಯದು, ಗಿಟಾರಿನ ಪಿಕಪ್ ಗಾಳಿಯಲ್ಲಿರುವ ಶಬ್ದವನ್ನು ಕೇಳುವುದಿಲ್ಲ. ತನ್ನ ನೆತ್ತಿಯ ಮೇಲಿರುವ ತಂತಿಯ ಆ ಒಂದು ತುಣುಕು ಹೇಗೆ ಅಲುಗಾಡುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ತಂತಿಯ ಉಳಿದ ಭಾಗದ ಚಲನೆ ಅದಕ್ಕೆ ತಿಳಿಯದು. ಮುಂದಿನ ವಿಚಾರವೆಲ್ಲ ಈ ಎರಡನೆಯ ಮಾತಿನ ಮೇಲೆ ನಿಂತಿದೆ.

ತಂತಿಯೊಳಗಿನ ಸ್ವರಾಂಶಗಳು

ಮೀಟಿದ ತಂತಿ ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲವೆಂಬುದನ್ನು ವಾಚಕರು ಪಠ್ಯಪುಸ್ತಕದಲ್ಲಿ ಓದಿರಬಹುದು. ಗಿಟಾರಿನ ಐದನೆಯ ತಂತಿ ಇಡಿಯಾಗಿ ಸೆಕೆಂಡಿಗೆ 110 ಸಾರಿ ಕಂಪಿಸುತ್ತದೆ, ಇದು ಮೂಲಸ್ವರ. ಅದೇ ವೇಳೆಗೆ ಅದೇ ತಂತಿ ಎರಡು ಭಾಗಗಳಾಗಿ 220 ಸಾರಿ, ಮೂರು ಭಾಗಗಳಾಗಿ 330 ಸಾರಿ, ನಾಲ್ಕು ಭಾಗಗಳಾಗಿ 440 ಸಾರಿ ಕಂಪಿಸುತ್ತಿರುತ್ತದೆ, ಹೀಗೆಯೇ ಮುಂದಕ್ಕೆ. ಇವುಗಳನ್ನು ಕ್ರಮವಾಗಿ ಒಂದನೆಯ, ಎರಡನೆಯ, ಮೂರನೆಯ, ನಾಲ್ಕನೆಯ ಸ್ವರಾಂಶಗಳೆಂದು ಕರೆಯೋಣ. ಮೂಲಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ ಎರಡನೆಯದು ಮೇಲಿನ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ, ಐದನೆಯದು ಅಂತರಗಾಂಧಾರ. ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಈ ಕಾರಣದಿಂದಲೇ. ಸ್ವರದ ಸ್ಥಾಯಿಯನ್ನು ನಿರ್ಣಯಿಸುವುದು ಮೂಲಸ್ವರ. ನಾದಗುಣವನ್ನು ನಿರ್ಣಯಿಸುವುದು ಈ ಸ್ವರಾಂಶಗಳು ಯಾವ ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದು. ಮೂಲಸ್ವರ ಪ್ರಧಾನವಾಗಿದ್ದರೆ ನಾದ ದುಂಡಗೆ, ಮೃದುವಾಗಿ ಇರುತ್ತದೆ. ಮೇಲಿನ ಅಂಶಗಳು ಹೆಚ್ಚಿದರೆ ನಾದ ಚುರುಕಾಗಿ, ತೀಕ್ಷ್ಣವಾಗಿ ಕೇಳಿಸುತ್ತದೆ.

ಒಂದೊಂದು ಸ್ವರಾಂಶಕ್ಕೂ ತಂತಿಯ ಮೇಲೆ ಅಲುಗದಿರುವ ಬಿಂದುಗಳಿವೆ, ಅವು ನಿಸ್ಪಂದಗಳು. ಅತ್ಯಧಿಕವಾಗಿ ಅಲುಗುವ ಎಡೆಗಳು ಪ್ರಸ್ಪಂದಗಳು. ಎರಡನೆಯ ಸ್ವರಾಂಶಕ್ಕೆ ತಂತಿಯ ನಟ್ಟನಡುವೆ ನಿಸ್ಪಂದವಿದೆ. ನಾಲ್ಕನೆಯದಕ್ಕೆ ತಂತಿಯ ಕಾಲು, ಅರ್ಧ, ಮುಕ್ಕಾಲು ದೂರಗಳಲ್ಲಿ ನಿಸ್ಪಂದಗಳಿವೆ. ನಿಸ್ಪಂದದ ಕೆಳಗೆ ಪಿಕಪ್ಪನ್ನು ಇಟ್ಟರೆ ಆ ಸ್ವರಾಂಶ ಅದಕ್ಕೆ ತಿಳಿಯುವುದೇ ಇಲ್ಲ. ಅಲ್ಲಿ ಅಲುಗಾಟವೇ ಇಲ್ಲವಲ್ಲ!

ಅಳತೆ ಮತ್ತು ಲೆಕ್ಕ

ನಾವು ಆ ಗಿಟಾರನ್ನು ಮೇಜಿನ ಮೇಲಿಟ್ಟು ಅಳತೆಪಟ್ಟಿಯಿಂದ ಅಳೆದೆವು. ಬಿಟ್ಟ ತಂತಿಯ ಉದ್ದ ಸುಮಾರು 64.8 ಸೆಂಟಿಮೀಟರ್ ಇತ್ತು. ಕುದುರೆಯಿಂದ ಕತ್ತಿನ ಪಿಕಪ್ಪಿನ ನಡುಮಧ್ಯಕ್ಕೆ 16 ಸೆಂಟಿಮೀಟರಿಗಿಂತ ತುಸು ಹೆಚ್ಚು, ಕುದುರೆಯ ಪಿಕಪ್ಪಿಗೆ 4 ಸೆಂಟಿಮೀಟರಿಗಿಂತ ತುಸು ಹೆಚ್ಚು. ಲೆಕ್ಕದ ಸೌಕರ್ಯಕ್ಕಾಗಿ 64, 16 ಮತ್ತು 4 ಎಂದಿಟ್ಟುಕೊಳ್ಳೋಣ. ಆಗ ಕತ್ತಿನ ಪಿಕಪ್ ತಂತಿಯ ನಾಲ್ಕನೆಯ ಒಂದು ಭಾಗದಲ್ಲಿಯೂ, ಕುದುರೆಯ ಪಿಕಪ್ ಹದಿನಾರನೆಯ ಒಂದು ಭಾಗದಲ್ಲಿಯೂ ಇರುವಂತಾಯಿತು.

ಯಾವುದೇ ಸ್ವರಾಂಶ ಒಂದು ಸ್ಥಾನದಲ್ಲಿ ಎಷ್ಟು ಅಲುಗುತ್ತದೆಂಬುದನ್ನು ತಿಳಿಯಲು ಒಂದು ಸರಳ ಸೂತ್ರವಿದೆ. ಸ್ವರಾಂಶದ ಕ್ರಮಸಂಖ್ಯೆಯನ್ನು ಆ ಸ್ಥಾನದ ಭಿನ್ನರಾಶಿಯಿಂದ ಗುಣಿಸಿ, ಮತ್ತೆ 180 ಡಿಗ್ರಿಯಿಂದ ಗುಣಿಸಿರಿ. ಬಂದ ಕೋನದ ಸೈನ್ ಬೆಲೆಯೇ ಉತ್ತರ. ಆ ಸ್ವರಾಂಶದ ಪೂರ್ಣ ಅಲುಗಾಟವನ್ನು 100 ಎಂದು ಭಾವಿಸಿ, ಚಿಹ್ನೆಗಳನ್ನು ಸದ್ಯಕ್ಕೆ ಬಿಟ್ಟು, ಪಡೆದ ಬೆಲೆಗಳು ಹೀಗಿವೆ:

1ನೆಯ ಸ್ವರಾಂಶ: ಕತ್ತಿನಲ್ಲಿ 71, ಕುದುರೆಯಲ್ಲಿ 20
2ನೆಯ ಸ್ವರಾಂಶ: ಕತ್ತಿನಲ್ಲಿ 100, ಕುದುರೆಯಲ್ಲಿ 38
3ನೆಯ ಸ್ವರಾಂಶ: ಕತ್ತಿನಲ್ಲಿ 71, ಕುದುರೆಯಲ್ಲಿ 56
4ನೆಯ ಸ್ವರಾಂಶ: ಕತ್ತಿನಲ್ಲಿ 0, ಕುದುರೆಯಲ್ಲಿ 71
5ನೆಯ ಸ್ವರಾಂಶ: ಕತ್ತಿನಲ್ಲಿ 71, ಕುದುರೆಯಲ್ಲಿ 83
6ನೆಯ ಸ್ವರಾಂಶ: ಕತ್ತಿನಲ್ಲಿ 100, ಕುದುರೆಯಲ್ಲಿ 92
7ನೆಯ ಸ್ವರಾಂಶ: ಕತ್ತಿನಲ್ಲಿ 71, ಕುದುರೆಯಲ್ಲಿ 98
8ನೆಯ ಸ್ವರಾಂಶ: ಕತ್ತಿನಲ್ಲಿ 0, ಕುದುರೆಯಲ್ಲಿ 100

ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಮೂಲಸ್ವರವನ್ನು ಕತ್ತಿನ ಪಿಕಪ್ ಕುದುರೆಯ ಪಿಕಪ್ಪಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚಾಗಿ ಗ್ರಹಿಸುತ್ತದೆ. ಅದರ ನಾದ ತುಂಬಿಕೊಂಡಿರುವುದು ಇದರಿಂದ. ಕುದುರೆಯ ಬಳಿ ಮೂಲಸ್ವರ ಕ್ಷೀಣವಾಗಿ, ಮೇಲಿನ ಅಂಶಗಳು ಒಂದಕ್ಕಿಂತ ಒಂದು ಬಲವಾಗುತ್ತ ಹೋಗುತ್ತವೆ; ಅದರ ನಾದ ಮೊನಚಾಗಿರುವುದು ಇದರಿಂದ. ತಂತಿಯೂ ಒಂದೇ, ಮೀಟಿದ ಬೆರಳೂ ಒಂದೇ. ಕೇಳಿದ ಸ್ಥಳ ಮಾತ್ರ ಬೇರೆ.

ಈಗ ರಿಪೇರಿಯವರ ಪರೀಕ್ಷೆಗೆ ಬರೋಣ. ಐದನೆಯ ಮೆಟ್ಟಿಲು ತಂತಿಯ ಮೇಲ್ತುದಿಯಿಂದ ಸರಿಸುಮಾರು ಕಾಲುಭಾಗದ ದೂರದಲ್ಲಿದೆ. ಅಲ್ಲಿ ಬೆರಳನ್ನು ಸೋಕಿಸಿದರೆ, ಆ ಬಿಂದುವಿನಲ್ಲಿ ನಿಸ್ಪಂದವಿರುವ ನಾಲ್ಕನೆಯ, ಎಂಟನೆಯ ಮೊದಲಾದ ಸ್ವರಾಂಶಗಳು ಮಾತ್ರ ಉಳಿದು, ಮಿಕ್ಕವು ಅಡಗುತ್ತವೆ. ನಮ್ಮ ವೈಣಿಕರು ಸ್ವಯಂಭೂ ಸ್ವರಗಳೆಂದು ಕರೆಯುವುದು ಇಂತಹವನ್ನೇ. ಉಳಿದ ಆ ಎರಡು ಅಂಶಗಳಿಗೂ ಕತ್ತಿನ ಪಿಕಪ್ಪಿನ ಮೇಲೆಯೇ ನಿಸ್ಪಂದವಿದೆ! ಪಟ್ಟಿಯಲ್ಲಿ ಸೊನ್ನೆ ಬಂದಿರುವುದು ಅವೆರಡರೆದುರಿಗೇ. ಆ ಪಿಕಪ್ ಮೌನವಾಗಿದ್ದುದು ರೋಗದಿಂದಲ್ಲ, ನಿಯಮದಿಂದ. ಪಿಕಪ್ಪಿಗೆ ಸ್ವಲ್ಪ ಅಗಲವಿರುವುದರಿಂದಲೂ, ಅದರ ಸ್ಥಾನ ಲೆಕ್ಕಕ್ಕೆ ಕೂದಲೆಳೆಯಷ್ಟು ಹೊಂದದಿರುವುದರಿಂದಲೂ ಸ್ವರ ಪೂರ್ತಿ ಅಡಗದೆ ಕ್ಷೀಣವಾಗಿ ಕೇಳಿಸುತ್ತದೆ.

ಹಾಗಾದರೆ ಪಿಕಪ್ ಆರೋಗ್ಯವಾಗಿದೆಯೆಂದು ತೋರಿಸುವುದು ಹೇಗೆ? ಪಟ್ಟಿಯೇ ದಾರಿ ಹೇಳುತ್ತದೆ. ಎರಡನೆಯ ಸ್ವರಾಂಶದೆದುರು ಕತ್ತಿಗೆ 100, ಕುದುರೆಗೆ 38 ಎಂದಿದೆ. ಹನ್ನೆರಡನೆಯ ಮೆಟ್ಟಿಲಿನ ನೇರದಲ್ಲಿ, ಎಂದರೆ ತಂತಿಯ ನಡುವೆ, ಬೆರಳು ಸೋಕಿಸಿ ಮೀಟುವಂತೆ ಹುಡುಗನಿಗೆ ಹೇಳಿದೆ. ಕತ್ತಿನ ಪಿಕಪ್ಪಿನಲ್ಲಿ ಸ್ವರ ಕೊಠಡಿಯನ್ನು ತುಂಬಿತು. ಕುದುರೆಯದರಲ್ಲಿ ಅದಕ್ಕಿಂತ ಸಣ್ಣದಾಯಿತು. ಅನಂತರ ಮಲ್ಟಿಮೀಟರಿನಿಂದ ಎರಡೂ ಸುರುಳಿಗಳ ರೋಧವನ್ನು ಅಳೆದೆವು. ಎರಡೂ ಕೆಲವು ಸಾವಿರ ಓಮ್‌ಗಳಷ್ಟಿದ್ದು, ಹೆಚ್ಚುಕಡಿಮೆ ಸಮನಾಗಿದ್ದವು. ಸುರುಳಿ ಕಡಿದಿದ್ದರೆ ಮೀಟರು ಬೇರೆಯೇ ಮಾತನ್ನಾಡುತ್ತಿತ್ತು. ಹುಡುಗನ ಹಣ ಉಳಿಯಿತು.

ಯಾವುದನ್ನು ಆರಿಸಬೇಕು?

ಕತ್ತಿನದು ಮೇಲೋ, ಕುದುರೆಯದು ಮೇಲೋ ಎಂದು ಕೇಳುವುದು ಮಂದ್ರ ಮೇಲೋ ತಾರ ಮೇಲೋ ಎಂದು ಕೇಳಿದಂತೆ. ಮಾಡಬೇಕಾದ ಕೆಲಸವನ್ನು ನೋಡಿ ಆರಿಸಬೇಕು. ಭಾವಗೀತೆಗೆ ಹಿನ್ನೆಲೆಯಾಗಿ ಮೆಲ್ಲಗೆ ನುಡಿಸುವಾಗ, ಗಾಯಕರ ಕಂಠಕ್ಕೆ ಅಡ್ಡಬಾರದ ಮೃದುನಾದ ಬೇಕಾದಾಗ, ಕತ್ತಿನ ಪಿಕಪ್ ಒಳ್ಳೆಯದು. ತಬಲ, ಡ್ರಮ್, ಕೀಬೋರ್ಡುಗಳೆಲ್ಲ ಒಟ್ಟಿಗೆ ನುಡಿಯುತ್ತಿರುವ ಉತ್ಸವದ ವೇದಿಕೆಯಲ್ಲಿ ಗಿಟಾರಿನ ಸ್ವರ ಎದ್ದು ಕೇಳಿಸಬೇಕಾದರೆ ಕುದುರೆಯ ಪಿಕಪ್ ಬೇಕು. ದಪ್ಪ ತಂತಿಗಳ ಮೇಲೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವಾಗಲೂ ಕುದುರೆಯದರಲ್ಲಿ ಅವು ಬಿಡಿಬಿಡಿಯಾಗಿ ಕೇಳಿಸುತ್ತವೆ. ಕತ್ತಿನದರಲ್ಲಿ ಒಂದರೊಳಗೊಂದು ಕಲಸಿಹೋಗುವ ಸಂಭವವುಂಟು.

ಒಂದೇ ಪಿಕಪ್ ಇರುವ ಅಗ್ಗದ ಗಿಟಾರನ್ನು ಕೊಳ್ಳುವವರು ಏನು ಮಾಡಬೇಕು? ನಾದವನ್ನು ತಿದ್ದುವ ಟೋನ್ ಗುಂಡಿಗೆ ಮೇಲಿನ ಸ್ವರಾಂಶಗಳನ್ನು ತಗ್ಗಿಸುವ ಶಕ್ತಿಯಿದೆ. ಪಿಕಪ್ ಗ್ರಹಿಸದೇ ಹೋದ ಅಂಶವನ್ನು ಹುಟ್ಟಿಸುವ ಶಕ್ತಿಯಿಲ್ಲ. ಕತ್ತಿನ ಪಿಕಪ್ ಬಿಟ್ಟ ತಂತಿಯ ನಾಲ್ಕನೆಯ ಅಂಶವನ್ನೇ ಕಳೆದುಕೊಳ್ಳುತ್ತದೆ. ಕುದುರೆಯದಕ್ಕೆ ಮೊದಲ ಸೊನ್ನೆ ಬರುವುದು ಹದಿನಾರನೆಯ ಅಂಶದಲ್ಲಿ. ಆದ್ದರಿಂದ ಹಲವು ಬಗೆಯ ಕೆಲಸಗಳಿಗೆ ಒಂದೇ ಪಿಕಪ್ ಎಂದಾದರೆ ಕುದುರೆಯ ಪಕ್ಕದ್ದು ಹೆಚ್ಚು ಅನುಕೂಲ. 1950ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಹೊರತಂದ ಎಸ್ಕ್ವಯರ್ ಎಂಬ ಸರಳ ಗಿಟಾರಿನಲ್ಲಿಯೂ, 1954ರ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಜೂನಿಯರ್ ಎಂಬುದರಲ್ಲಿಯೂ ಒಂಟಿ ಪಿಕಪ್ ಕುದುರೆಯ ಬಳಿಯೇ ಇತ್ತು. ಆದರೆ ಅದೇ ಗಿಬ್ಸನ್ ಕಂಪನಿ 1936ರಲ್ಲಿ ಮಾಡಿದ ಇ.ಎಸ್.-150 ಎಂಬ ಗಿಟಾರಿನಲ್ಲಿ ಒಂಟಿ ಪಿಕಪ್ ಕತ್ತಿನ ಪಕ್ಕದಲ್ಲಿತ್ತು. ಅದನ್ನು ನುಡಿಸಿ ಹೆಸರಾದ ಜಾಜ್ ವಾದಕ ಚಾರ್ಲಿ ಕ್ರಿಶ್ಚಿಯನ್‌ಗೆ ಬೇಕಾಗಿದ್ದುದು ದುಂಡು ನಾದ. ದುಂಡು ನಾದವೊಂದೇ ಬೇಕೆಂದು ನಿಶ್ಚಯಿಸಿದವರು ಈ ಎರಡನೆಯ ದಾರಿಯನ್ನು ಹಿಡಿಯಬಹುದು.

ಎರಡೂ ಪಿಕಪ್ಪುಗಳನ್ನು ಒಟ್ಟಿಗೆ ತೆರೆದರೆ ಎರಡರ ಒಳ್ಳೆಯ ಗುಣಗಳೂ ಕೂಡಿ ಬರುತ್ತವೆಂದು ಕೆಲವರು ತಿಳಿಯುತ್ತಾರೆ. ಇದು ಅಷ್ಟು ಸರಳವಲ್ಲ. ನಾವು ಮೇಲೆ ಬದಿಗಿಟ್ಟ ಚಿಹ್ನೆಗಳನ್ನು ಈಗ ಲೆಕ್ಕಕ್ಕೆ ತರಬೇಕು. ಐದು, ಆರು, ಏಳನೆಯ ಸ್ವರಾಂಶಗಳಲ್ಲಿ ತಂತಿ ಒಂದು ಪಿಕಪ್ಪಿನ ಮೇಲೆ ಏರುವಾಗ ಇನ್ನೊಂದರ ಮೇಲೆ ಇಳಿಯುತ್ತಿರುತ್ತದೆ. ಎರಡೂ ಪಿಕಪ್ಪುಗಳು ಸಮಬಲದವೆಂದು ಭಾವಿಸಿದರೆ ಐದನೆಯ ಅಂಶದಲ್ಲಿ 83ರಿಂದ 71 ಕಳೆದು 12 ಮಾತ್ರ ಉಳಿಯುತ್ತದೆ. ಆರನೆಯದರಲ್ಲಿ ವ್ಯತ್ಯಾಸ ಕೇವಲ 8, ಏಳನೆಯದರಲ್ಲಿ 27. ನಡುವಿನ ಅಂಶಗಳು ಹೀಗೆ ಸೊರಗುವುದರಿಂದ ಕೂಡುನಾದ ತೆಳುವಾಗಿ, ನಿರ್ಮಲವಾಗಿ ಕೇಳಿಸುತ್ತದೆ. ಅದು ಮೂರನೆಯದೇ ಒಂದು ನಾದ. ಕೆಲವು ಗಿಟಾರುಗಳಲ್ಲಿ ಎರಡು ಸುರುಳಿಗಳ ಸುತ್ತನ್ನೂ ಕಾಂತಧ್ರುವಗಳನ್ನೂ ಪರಸ್ಪರ ವಿರುದ್ಧವಾಗಿ ಇಟ್ಟಿರುತ್ತಾರೆ. ಆಗ ಮನೆಯ ವಿದ್ಯುತ್ತಿನಿಂದ ನುಸುಳಿ ಬರುವ ಗುಂಯ್‌ಗುಡುವ ಸದ್ದು ಎರಡರಲ್ಲೂ ವಿರುದ್ಧವಾಗಿ ಹುಟ್ಟಿ ಅಳಿದುಹೋಗುತ್ತದೆ, ತಂತಿಯ ನಾದ ಉಳಿಯುತ್ತದೆ.

ಮೆಟ್ಟಿಲನ್ನು ಒತ್ತಿದಾಗ

ಕತ್ತಿನ ಪಿಕಪ್ ಕಾಲುಭಾಗದ ಪವಿತ್ರಸ್ಥಾನದಲ್ಲಿರುವುದರಿಂದಲೇ ಅದರ ನಾದ ಮಧುರವಾಗಿದೆ ಎಂಬ ನಂಬಿಕೆ ವಾದಕರಲ್ಲಿ ಉಂಟು. ಬಿಟ್ಟ ತಂತಿಗೆ ಮಾತ್ರ ಅದು ಕಾಲುಭಾಗ. ಐದನೆಯ ಮೆಟ್ಟಿಲನ್ನು ಒತ್ತಿದರೆ ಕಂಪಿಸುವ ತಂತಿ 48 ಸೆಂಟಿಮೀಟರಾಗುತ್ತದೆ; ಪಿಕಪ್ ಅದರ ಮೂರನೆಯ ಒಂದು ಭಾಗದಲ್ಲಿ ನಿಲ್ಲುತ್ತದೆ; ಕಳೆದುಹೋಗುವುದು ಮೂರನೆಯ ಅಂಶ. ಹನ್ನೆರಡನೆಯದನ್ನು ಒತ್ತಿದರೆ ತಂತಿ 32 ಸೆಂಟಿಮೀಟರಾಗಿ ಪಿಕಪ್ ಅದರ ನಟ್ಟನಡುವೆ ಬರುತ್ತದೆ. ಆಗ ಸರಿಸಂಖ್ಯೆಯ ಅಂಶಗಳೆಲ್ಲ ಮಾಯವಾಗಿ ನಾದ ಟೊಳ್ಳಾಗುತ್ತದೆ. ಬೆರಳು ಸರಿದಂತೆ ನಾದಗುಣವೂ ಬದಲಾಗುತ್ತಿರುತ್ತದೆ. ಕುದುರೆಯ ಪಿಕಪ್ಪಿನಲ್ಲಿ ಈ ಬದಲಾವಣೆ ಕಡಿಮೆ.

ರಾಮನ್ನರು ಕಂಡ ವಿಶೇಷ

ಮೀಟುವ ಸ್ಥಾನಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ತಂತಿಯನ್ನು ಒಂದು ಸ್ವರಾಂಶದ ನಿಸ್ಪಂದದಲ್ಲಿ ಮೀಟಿದರೆ ಆ ಅಂಶ ಹುಟ್ಟುವುದಿಲ್ಲವೆಂದು ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲಿ ತೋರಿಸಿದ. ಆದರೆ 1921ರಲ್ಲಿ ಸಿ. ವಿ. ರಾಮನ್ನರು ವೀಣೆ ಮತ್ತು ತಂಬೂರಿಗಳನ್ನು ಪರೀಕ್ಷಿಸಿ, ಈ ವಾದ್ಯಗಳು ಯಂಗನ ನಿಯಮವನ್ನು ಮೀರುತ್ತವೆಂದು ಪ್ರಕಟಿಸಿದರು. ನಿಸ್ಪಂದದಲ್ಲಿಯೇ ಮೀಟಿದರೂ ಆ ಸ್ವರಾಂಶ ಅವುಗಳಲ್ಲಿ ಕೇಳಿಸುತ್ತದೆ! ಕಾರಣ ಅವುಗಳ ಕುದುರೆ. ಗಿಟಾರಿನ ಕುದುರೆಯಲ್ಲಿ ತಂತಿ ಒಂದು ಚೂಪಾದ ಅಂಚಿನ ಮೇಲೆ ಕೊನೆಗೊಳ್ಳುತ್ತದೆ. ವೀಣೆ, ತಂಬೂರಿಗಳ ಕುದುರೆ ಅಗಲವಾಗಿ ಬಾಗಿದ್ದು, ಕಂಪಿಸುವ ತಂತಿ ಅದನ್ನು ಮತ್ತೆ ಮತ್ತೆ ತಾಗುತ್ತದೆ. ತಂಬೂರಿಯಲ್ಲಿ ತಂತಿಯಡಿಗೆ ಸೇರಿಸುವ ನೂಲೆಳೆ ಈ ತಾಗುವಿಕೆಯನ್ನು ಹದಗೊಳಿಸುತ್ತದೆ. ನಮ್ಮ ಹಿಂದಿನ ಕುಶಲಕರ್ಮಿಗಳು ನಾದವೈವಿಧ್ಯವನ್ನು ಕುದುರೆಯಲ್ಲಿ ಸಾಧಿಸಿದರು. ಗಿಟಾರಿನವರು ಅದನ್ನು ಕುದುರೆಯಿಂದ ಎಷ್ಟು ದೂರದಲ್ಲಿ ಕೇಳಬೇಕೆಂಬುದರಲ್ಲಿ ಸಾಧಿಸಿದ್ದಾರೆ.

ಮಾಡಿ ನೋಡಿ

ಗಿಟಾರಿಲ್ಲದವರೂ ಇದನ್ನು ಪರೀಕ್ಷಿಸಬಹುದು. ಕಾಲೇಜಿನ ಸೋನೋಮೀಟರಿಗೆ ಉಕ್ಕಿನ ತಂತಿಯನ್ನು ಬಿಗಿದು, ಎರಡು ಕುದುರೆಗಳ ಅಂತರವನ್ನು 64 ಸೆಂಟಿಮೀಟರಿಗೆ ಇಡಿರಿ. ಸಣ್ಣ ಕಾಂತದಂಡವೊಂದಕ್ಕೆ ತೆಳುವಾದ ಎನಾಮಲ್ ತಾಮ್ರದ ತಂತಿಯನ್ನು ಕೆಲವು ಸಾವಿರ ಸುತ್ತು ಸುತ್ತಿ, ಅದರ ತುದಿಗಳನ್ನು ಧ್ವನಿವರ್ಧಕದ ಮೈಕ್ ಪ್ರವೇಶಕ್ಕೆ ಜೋಡಿಸಿರಿ. ಕಾಂತದ ಮುಖ ತಂತಿಯಿಂದ ಎರಡು ಮೂರು ಮಿಲಿಮೀಟರ್ ಕೆಳಗಿರಲಿ. ಇನ್ನೂ ಹತ್ತಿರ ತಂದರೆ ಕಾಂತವೇ ತಂತಿಯನ್ನು ಸೆಳೆದು ಶ್ರುತಿಯನ್ನು ಕೆಡಿಸುತ್ತದೆ. ಸುರುಳಿಯನ್ನು ಕುದುರೆಯಿಂದ 4, 16 ಮತ್ತು 32 ಸೆಂಟಿಮೀಟರ್ ದೂರಗಳಲ್ಲಿಟ್ಟು, ತಂತಿಯನ್ನು ಪ್ರತಿಸಲವೂ ಒಂದೇ ಸ್ಥಾನದಲ್ಲಿ, ಒಂದೇ ಬಲದಿಂದ ಮೀಟಿ ಕೇಳಿರಿ. 32ರಲ್ಲಿ ಯಾವ ಸ್ವರಾಂಶಗಳು ಇಲ್ಲವಾಗುವುವೆಂದು ಮೊದಲೇ ಬರೆದಿಟ್ಟುಕೊಂಡು ಪರೀಕ್ಷಿಸಿದರೆ ಲಾಭ ಹೆಚ್ಚು.

ಗಣಪತಿ ಉತ್ಸವದ ರಾತ್ರಿ ಆ ಹುಡುಗ ಪಲ್ಲವಿ, ಚರಣಗಳಿಗೆ ಕತ್ತಿನ ಪಿಕಪ್ಪನ್ನೂ, ನಡುವೆ ಗಿಟಾರೇ ಮುಂದೆ ಬರಬೇಕಾದ ಕಡೆ ಕುದುರೆಯದನ್ನೂ ಬಳಸಿದ. ಅದಕ್ಕೆ ಮೊದಲು ಅವನು ಒಂದು ತಿದ್ದುಪಡಿಯನ್ನು ಮಾಡಿಕೊಂಡಿದ್ದ. ಕುದುರೆಯ ಪಿಕಪ್ಪಿಗೆ ದೊರೆಯುವ ಅಲುಗಾಟ ಕಡಿಮೆಯೆಂಬುದನ್ನು ಪಟ್ಟಿಯಲ್ಲಿ ಕಂಡು, ಅದರ ತಿರುಪುಗಳನ್ನು ತಿರುಗಿಸಿ ಅದನ್ನು ತಂತಿಗೆ ಸ್ವಲ್ಪ ಹತ್ತಿರ ಎತ್ತಿದ್ದ. ಕತ್ತಿನದನ್ನು ತುಸು ತಗ್ಗಿಸಿದ್ದ. ಸ್ವಿಚ್ಚು ಬದಲಾದಾಗ ನಾದಗುಣ ಬದಲಾಯಿತೇ ಹೊರತು ಗಟ್ಟಿತನ ಕುಂದಲಿಲ್ಲ. ಇದಕ್ಕೆ ಅವನಿಗೆ ತಗಲಿದ ಖರ್ಚು ತಿರುಪುಳಿಯೊಂದನ್ನು ಎರವಲು ತಂದ ಶ್ರಮ ಮಾತ್ರ.

ಉಪಕರಣವೊಂದು ನಾವು ನಿರೀಕ್ಷಿಸಿದ್ದನ್ನು ಹೇಳದಿದ್ದಾಗ ಅದು ಕೆಟ್ಟಿದೆಯೆಂದು ತೀರ್ಮಾನಿಸುವುದು ಸುಲಭ. ಅದನ್ನು ಎಲ್ಲಿ ಇಟ್ಟಿದ್ದೇವೆ, ಅಲ್ಲಿ ಅದಕ್ಕೆ ಏನು ಕೇಳಿಸಲು ಸಾಧ್ಯ ಎಂದು ಮೊದಲು ವಿಚಾರಿಸುವುದು ಭೌತವಿಜ್ಞಾನದ ಅಭ್ಯಾಸ. ಈ ಅಭ್ಯಾಸ ಪ್ರಯೋಗಶಾಲೆಯಲ್ಲಿ ಅಂಕಗಳನ್ನು ತಂದರೆ, ಅಂಗಡಿಯಲ್ಲಿ ಹಣವನ್ನೂ ಉಳಿಸುತ್ತದೆ.